ಗಾಲಿ ಎಷ್ಟು ಹೊರಗೆ ನಿಲ್ಲಬೇಕು: ನನ್ನ ಎಟಿವಿಗೆ ರಿಮ್ ಆರಿಸಿದ ಬಗೆ

ನನ್ನ ಎಟಿವಿಯ, ಅಂದರೆ ಕಾಡುದಾರಿಯಲ್ಲಿ ಓಡಿಸುವ ಹ್ಯಾಂಡಲ್ ಇರುವ ನಾಲ್ಕು ಗಾಲಿಯ ಗಾಡಿಯ, ಮುಂದಿನ ಎಡಗಾಲಿಯ ರಿಮ್ಮಿನ ಒಳ ಅಂಚು ಕಲ್ಲಿಗೆ ಬಡಿದು ನೆಗ್ಗಿದ ದಿನ ಈ ಕೆಲಸ ಶುರುವಾಯಿತು. ಸಂಜೆ 5 ಪಿಎಸ್‌ಐ ಗಾಳಿ ತುಂಬಿ ನಿಲ್ಲಿಸಿದರೆ ಬೆಳಿಗ್ಗೆ 2 ಪಿಎಸ್‌ಐ ಮಾತ್ರ ಉಳಿದಿರುತ್ತಿತ್ತು. ಸೋಪಿನ ನೀರು ಹಚ್ಚಿ ನೋಡಿದಾಗ, ಟೈರಿನ ಬೀಡ್, ಅಂದರೆ ಅದರ ದಪ್ಪನೆಯ ಒಳ ಅಂಚು, ರಿಮ್ಮಿಗೆ ಕೂರುವ ಗೆರೆಯಲ್ಲಿ ಎರಡು ಬೆರಳಗಲದಷ್ಟು ಜಾಗದಿಂದ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತಿದ್ದವು. ಮರದ ತುಂಡನ್ನು ಒತ್ತುಕೊಟ್ಟು ಸುತ್ತಿಗೆಯಿಂದ ಎರಡು ಸಲ ನೆಗ್ಗು ತೆಗೆದೆ. ಉಕ್ಕಿನ ರಿಮ್ ಆದ್ದರಿಂದ ಬಗ್ಗಿತೇ ಹೊರತು ಒಡೆಯಲಿಲ್ಲ. ಆದರೆ ಮೂರನೆಯ ಸಲವೂ ಅದೇ ಜಾಗ ಬಾಗಿದಾಗ ಆ ಲೋಹದಲ್ಲಿ ಇನ್ನು ಕಸುವಿಲ್ಲ ಎಂಬುದು ಸ್ಪಷ್ಟವಾಯಿತು. ಉಳಿದ ಮೂರು ರಿಮ್ಮುಗಳಲ್ಲೂ ಬೀಡ್ ಕೂರುವ ಜಾಗಕ್ಕೆ ತುಕ್ಕು ಹಿಡಿದಿತ್ತು. ಆದ್ದರಿಂದ ನಾಲ್ಕನ್ನೂ ಒಟ್ಟಿಗೆ ಬದಲಾಯಿಸುವುದೆಂದು, ಅದೂ ಗಾಡಿಯೊಂದಿಗೆ ಬಂದ ಬಗೆಯ ಉಕ್ಕಿನ ರಿಮ್ ಅಲ್ಲದೆ ಬೇರೆ ತಯಾರಕರ ಅಲಾಯ್ ರಿಮ್ ಹಾಕುವುದೆಂದು ತೀರ್ಮಾನಿಸಿದೆ.

ನನ್ನ ಗಾಡಿಯ ಮುಂದೆ 25x8-12, ಹಿಂದೆ 25x10-12 ಅಳತೆಯ ಟೈರುಗಳಿವೆ. ಇಲ್ಲಿ 25 ಎಂಬುದು ಟೈರಿನ ಒಟ್ಟು ಎತ್ತರ, 8 ಮತ್ತು 10 ಎಂಬುದು ಅಗಲ, 12 ಎಂಬುದು ರಿಮ್ಮಿನ ವ್ಯಾಸ, ಎಲ್ಲವೂ ಇಂಚಿನಲ್ಲಿ. ಟೈರುಗಳು ಇನ್ನೂ ಚೆನ್ನಾಗಿದ್ದುದರಿಂದ ಅವನ್ನೇ ಉಳಿಸಿಕೊಳ್ಳುವ ಆಲೋಚನೆಯಿತ್ತು. ಹಾಗಾಗಿ 12 ಇಂಚಿನ ರಿಮ್, ಹಬ್ಬಿಗೆ (ಅಚ್ಚಿನ ತುದಿಯಲ್ಲಿ ರಿಮ್ಮನ್ನು ಬಿಗಿಯುವ ಭಾಗಕ್ಕೆ) ಹೊಂದುವ ನಾಲ್ಕು ತೂತು, ಇಷ್ಟು ನೋಡಿಕೊಂಡರೆ ಆಯ್ಕೆ ಮುಗಿಯಿತೆಂದು ಆರಂಭದಲ್ಲಿ ಭಾವಿಸಿದ್ದೆ. ನನ್ನ ಗಾಡಿಯನ್ನು ವರ್ಷಗಳಿಂದ ಬಲ್ಲ ಮೆಕ್ಯಾನಿಕ್ ಗೆಳೆಯರು ನಾನು ತೋರಿಸಿದ ಚಿತ್ರಗಳನ್ನು ಪಕ್ಕಕ್ಕಿಟ್ಟು, “ಮೊದಲು ಹಳೇ ರಿಮ್ ಬಿಚ್ಚಿ ಅದರ ಆಫ್‌ಸೆಟ್ ಎಷ್ಟು ಅಂತ ಅಳೀರಿ. ಅದು ಗೊತ್ತಿಲ್ಲದೆ ಹೊಸದು ಎಲ್ಲಿ ನಿಲ್ಲುತ್ತೆ ಅಂತ ಹೇಗೆ ಹೇಳ್ತೀರಿ?” ಎಂದು ಕೇಳಿದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಆಫ್‌ಸೆಟ್ ಎಂದರೆ ರಿಮ್ಮಿನ ಅಗಲದ ನಟ್ಟನಡುವಿನ ಗೆರೆಗೂ, ರಿಮ್ ಹಬ್ಬಿಗೆ ಒತ್ತಿ ಕೂರುವ ಮುಖಕ್ಕೂ ಇರುವ ದೂರ. ಕೂರುವ ಮುಖ ನಡುಗೆರೆಗಿಂತ ಹೊರಗಿದ್ದರೆ ಆಫ್‌ಸೆಟ್ ಧನ, ಅಂದರೆ ಗಾಲಿ ಗಾಡಿಯ ಒಳಭಾಗಕ್ಕೆ ಸರಿದು ನಿಲ್ಲುತ್ತದೆ. ಒಳಗಿದ್ದರೆ ಋಣ, ಗಾಲಿ ಹೊರಗೆ ಚಾಚಿ ನಿಲ್ಲುತ್ತದೆ. ಕಾರಿನ ರಿಮ್ಮುಗಳಿಗೆ ಇದನ್ನು ಮಿಲಿಮೀಟರಿನಲ್ಲಿ ಬರೆಯುತ್ತಾರೆ. ಎಟಿವಿ ರಿಮ್ಮುಗಳಿಗೆ ಬಹಳ ಕಾಲದಿಂದ 4+3, 5+2, 2+5 ಎಂಬಂತೆ ಎರಡು ಅಂಕಿಗಳಲ್ಲಿ ಬರೆಯುವ ರೂಢಿಯಿದೆ. ಸಾಮಾನ್ಯವಾಗಿ ಮೊದಲ ಅಂಕಿ ಕೂರುವ ಮುಖದಿಂದ ಒಳಗಿರುವ ಭಾಗ, ಎರಡನೆಯದು ಹೊರಗಿರುವ ಭಾಗ. ಎರಡನ್ನೂ ಕೂಡಿಸಿದರೆ ರಿಮ್ಮಿನ ಅಗಲ ಸಿಗುತ್ತದೆ. ಹೀಗಾಗಿ 7 ಇಂಚು ಅಗಲದ ರಿಮ್ಮಿನಲ್ಲಿ 5+2 ಎಂದರೆ ಗಾಲಿ ಒಳಗೆ ಸೇರಿಕೊಂಡಿರುತ್ತದೆ, 2+5 ಎಂದರೆ ಹೊರಗೆ ಚಾಚಿಕೊಂಡಿರುತ್ತದೆ. ಈ ಎರಡು ಅಂಕಿಗಳನ್ನು ತಿರುಗಾ ಮುರುಗಾ ಬರೆದ ವಿವರಣೆಯೂ ನನ್ನ ಕಣ್ಣಿಗೆ ಬಿದ್ದಿದ್ದರಿಂದ, ಬರಹವನ್ನು ನಂಬದೆ ಪ್ರತಿ ರಿಮ್ಮನ್ನೂ ನಾನೇ ಅಳೆಯಬೇಕೆಂದು ನಿಶ್ಚಯಿಸಿದೆ.

ಅಳೆಯುವ ಕ್ರಮವನ್ನು ಗೆಳೆಯರು ತೋರಿಸಿಕೊಟ್ಟರು. ಟೈರು ಕಳಚಿದ ರಿಮ್ಮನ್ನು ಮುಖ ಕೆಳಗಾಗಿ ಬೆಂಚಿನ ಮೇಲಿಟ್ಟು, ಒಳ ಅಂಚಿನ ಮೇಲೆ ಅಡ್ಡಲಾಗಿ ಒಂದು ನೇರವಾದ ಕಬ್ಬಿಣದ ಪಟ್ಟಿಯನ್ನು ಇರಿಸಿ, ಆ ಪಟ್ಟಿಯಿಂದ ಕೂರುವ ಮುಖದವರೆಗಿನ ಆಳವನ್ನು ಅಳೆಯಬೇಕು. ಇದೇ ಬ್ಯಾಕ್‌ಸ್ಪೇಸಿಂಗ್. ನನ್ನ ಮುಂದಿನ ರಿಮ್ಮಿನಲ್ಲಿ ಇದು 113 ಮಿಲಿಮೀಟರ್ ಬಂತು. ಒಂದು ಅಂಚಿನ ಹೊರಮೈಯಿಂದ ಇನ್ನೊಂದು ಅಂಚಿನ ಹೊರಮೈಗೆ ಒಟ್ಟು ಅಗಲ 174 ಮಿಲಿಮೀಟರ್ ಇತ್ತು. 6 ಇಂಚಿನ ರಿಮ್ ಎಂದರೆ 152 ಮಿಲಿಮೀಟರ್ ಅಲ್ಲವೇ ಎಂಬ ಗೊಂದಲ ಇಲ್ಲೇ ಹುಟ್ಟುತ್ತದೆ. ರಿಮ್ಮಿನ ಹೆಸರಿನಲ್ಲಿರುವ ಅಗಲ ಬೀಡ್ ಕೂರುವ ಎರಡು ಜಾಗಗಳ ನಡುವಿನದು; ಎರಡೂ ಬದಿಯ ಅಂಚಿನ ದಪ್ಪ ಅದರಲ್ಲಿ ಸೇರಿರುವುದಿಲ್ಲ. ಬ್ಯಾಕ್‌ಸ್ಪೇಸಿಂಗ್‌ನಿಂದ ಒಟ್ಟು ಅಗಲದ ಅರ್ಧವನ್ನು ಕಳೆದರೆ ಆ ದಪ್ಪದ ಲೆಕ್ಕ ತಾನಾಗಿಯೇ ಹೊಡೆದುಹೋಗುತ್ತದೆ: 113ರಿಂದ 87 ಕಳೆದಾಗ ಉಳಿದದ್ದು 26, ಅಂದರೆ ಸುಮಾರು ಒಂದು ಇಂಚು ಧನ ಆಫ್‌ಸೆಟ್. 6 ಇಂಚಿನ ರಿಮ್ಮಿಗೆ ಇದು 4+2. ಹಿಂದಿನ ರಿಮ್ 7.5 ಇಂಚು ಅಗಲದ್ದು. ಅದರ ಅಳತೆ 5+2.5 ಎಂದು ತಾಳೆಯಾಯಿತು. ಈ ನಾಲ್ಕು ಅಂಕಿಗಳನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟೆ. ಮುಂದಿನ ಎಲ್ಲ ನಿರ್ಧಾರಗಳೂ ಆ ಗೋಡೆಯ ಮುಂದೆಯೇ ನಡೆದವು.

ನನ್ನ ಮನಸ್ಸು ಆಗ 2+5ರ ಕಡೆಗಿತ್ತು. ಇಳಿಜಾರಿಗೆ ಅಡ್ಡಲಾಗಿ ಹೋಗುವಾಗ ಗಾಡಿ ಹಗುರಾಗುವ ಅನುಭವ ನನಗೆ ಹಲವು ಸಲ ಆಗಿದೆ. ಮೇಲ್ಬದಿಯ ಗಾಲಿ ನೆಲದ ಹಿಡಿತ ಬಿಡುವ ಆ ಕ್ಷಣದಲ್ಲಿ ಗಾಡಿ ಇನ್ನಷ್ಟು ಅಗಲವಾಗಿ ನಿಂತಿದ್ದರೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಗಾಲಿಗಳ ನಡುವಿನ ಅಂತರ ಹೆಚ್ಚಿದಷ್ಟೂ ಗಾಡಿ ಮಗುಚುವ ಕೋನ ಹಿಂದೆ ಸರಿಯುತ್ತದೆ ಎಂಬುದು ನಿಜವೇ. ಅದೇ ಬಗೆಯ ಹಬ್ ಇರುವ ಗಾಡಿಯ ಒಡನಾಡಿಯೊಬ್ಬರು ತಮ್ಮ 2+5 ರಿಮ್ಮುಗಳನ್ನು ಒಂದು ದಿನದ ಮಟ್ಟಿಗೆ ಕೊಟ್ಟರು. ಲೆಕ್ಕದ ಪ್ರಕಾರ, ನನ್ನ 4+2 ರಿಮ್ಮಿಗೆ ಹೋಲಿಸಿದರೆ ಮುಂದಿನ ಗಾಲಿಯ ನಡುಗೆರೆ ಪ್ರತಿ ಬದಿಗೂ ಎರಡೂವರೆ ಇಂಚು, ಅಂದರೆ ಒಟ್ಟು ಐದು ಇಂಚು ಹೊರಗೆ ಸರಿಯಬೇಕಿತ್ತು. ಕಟ್ಟಿ ನಿಲ್ಲಿಸಿದಾಗ ಗಾಡಿ ನೋಡಲು ಗಟ್ಟಿಯಾಗಿ, ನೆಲವನ್ನು ಹಿಡಿದು ಕುಳಿತಂತೆ ಕಾಣುತ್ತಿತ್ತು.

ಓಡಿಸಿದಾಗ ಅಡ್ಡ ಇಳಿಜಾರಿನಲ್ಲಿ ನಾನು ಬಯಸಿದ ಸ್ಥಿರತೆ ಸಿಕ್ಕಿತು, ಅದನ್ನು ಅಲ್ಲಗಳೆಯಲಾರೆ. ಆದರೆ ಕಲ್ಲು ತುಂಬಿದ ದಾರಿಗೆ ಇಳಿದ ಮೇಲೆ ಹ್ಯಾಂಡಲ್ ನನ್ನ ಕೈಯಲ್ಲಿ ನಿಲ್ಲಲಿಲ್ಲ. ಎಡಗಾಲಿ ಮುಷ್ಟಿಗಾತ್ರದ ಕಲ್ಲಿಗೆ ತಾಗಿದರೂ ಹ್ಯಾಂಡಲ್ ಎಡಕ್ಕೆ ಜಗ್ಗುತ್ತಿತ್ತು; ಒಂದು ಕಡೆ ಬೇರಿಗೆ ಬಡಿದಾಗ ಹೆಬ್ಬೆರಳು ಥ್ರಾಟಲ್ ಮೇಲಿಂದ ಕಿತ್ತು ಹೋಯಿತು. ಕೆಸರಿನಲ್ಲಿ ಗಾಲಿಗಳು ಮಡ್‌ಗಾರ್ಡಿನ ಹೊರಗೆ ಉಳಿದಿದ್ದರಿಂದ ಎರಚಿದ ಕೆಸರೆಲ್ಲ ಎದೆಗೆ ಮತ್ತು ಹೆಲ್ಮೆಟ್ಟಿನ ಗಾಜಿಗೆ ಬಂದು ಬೀಳುತ್ತಿತ್ತು. ನಾನು ಸದಾ ನುಸುಳಿ ಹೋಗುತ್ತಿದ್ದ ಎರಡು ಮರಗಳ ನಡುವೆ ಬಲ ಹಿಂಗಾಲಿ ಸಿಕ್ಕಿಕೊಂಡು, ಟೈರಿನ ಪಕ್ಕೆಯ ಮೇಲೆ ತೊಗಟೆಯ ಗುರುತು ಉಳಿಯಿತು. ಹ್ಯಾಂಡಲನ್ನು ಪೂರ್ತಿ ತಿರುಗಿಸಿ ಗುಂಡಿಗೆ ಇಳಿದಾಗ ಟೈರಿನ ಹಿಂಭುಜ ಕಾಲಿಡುವ ಜಾಗದ ಮುಂದಿನ ಪ್ಲಾಸ್ಟಿಕ್ಕಿಗೆ ಉಜ್ಜುವ ಸದ್ದು ಕೇಳಿಸಿತು. ಗಾಲಿ ಹೊರಗೆ ಹೋದರೆ ಒಳಗೆ ಜಾಗ ಹೆಚ್ಚಬೇಕಲ್ಲವೇ ಎಂದು ನಾನು ಎಣಿಸಿದ್ದೆ. ಆದರೆ ತಿರುಗುವ ಅಕ್ಷದಿಂದ ಗಾಲಿ ದೂರವಾದಷ್ಟೂ ಅದು ತಿರುಗುವಾಗ ಬಿಡಿಸುವ ಕಮಾನು ದೊಡ್ಡದಾಗುತ್ತದೆ. ನೇರವಾಗಿ ನಿಂತಾಗ ಇರುವ ಜಾಗ, ತಿರುಗಿದಾಗ ಇರುವುದಿಲ್ಲ.

ಹ್ಯಾಂಡಲ್ ಜಗ್ಗುವುದಕ್ಕೂ ಕಾರಣ ಇದೇ ದೂರ. ಮುಂದಿನ ಗಾಲಿಯನ್ನು ಹಿಡಿದಿರುವ ಮೇಲಿನ ಮತ್ತು ಕೆಳಗಿನ ಬಾಲ್ ಜಾಯಿಂಟುಗಳ ಮೂಲಕ ಒಂದು ಗೆರೆ ಎಳೆದು ಅದನ್ನು ನೆಲದವರೆಗೆ ಮುಂದುವರಿಸಿದರೆ, ಆ ಗೆರೆ ನೆಲ ಮುಟ್ಟುವ ಬಿಂದುವಿಗೂ ಟೈರು ನೆಲಕ್ಕೆ ಒತ್ತುವ ಜಾಗದ ನಡುವಿಗೂ ಇರುವ ಅಂತರವನ್ನು ಸ್ಕ್ರಬ್ ರೇಡಿಯಸ್ ಎನ್ನುತ್ತಾರೆ. ಕಲ್ಲು ಗಾಲಿಯನ್ನು ಹಿಂದಕ್ಕೆ ತಳ್ಳಿದಾಗ ಈ ಅಂತರ ಸನ್ನೆಕೋಲಿನ ತೋಳಿನಂತೆ ಕೆಲಸ ಮಾಡಿ ಹ್ಯಾಂಡಲನ್ನು ತಿರುಗಿಸುತ್ತದೆ. ಎರಡೂವರೆ ಇಂಚು ಸೇರಿಸಿದಾಗ ನಾನು ಆ ತೋಳನ್ನು 63 ಮಿಲಿಮೀಟರ್ ಉದ್ದ ಮಾಡಿದ್ದೆ. ಬೇರಿಂಗಿನ ಮೇಲಿನ ಹೊರೆಯ ಮಾತೂ ಹೀಗೆಯೇ. ಗಾಡಿಯೂ ಸವಾರನೂ ಸೇರಿ 400 ಕಿಲೋ ಎಂದಿಟ್ಟುಕೊಂಡರೆ ಒಂದು ಗಾಲಿಯ ಪಾಲು ಸುಮಾರು 100 ಕಿಲೋ. ನಿಂತ ಗಾಡಿಯಲ್ಲೇ ಆ 100 ಕಿಲೋ ಭಾರ ಬೇರಿಂಗಿನಿಂದ ಮೊದಲಿಗಿಂತ ಆರು ಸೆಂಟಿಮೀಟರ್ ಆಚೆ ನಿಂತು ಅದನ್ನು ಮುರಿಯುವಂತೆ ತಿರುಚುತ್ತಿರುತ್ತದೆ, ಗುಂಡಿಗೆ ಬಿದ್ದಾಗ ಅದು ಎಷ್ಟೋ ಪಟ್ಟು ಹೆಚ್ಚುತ್ತದೆ. ಹಳೆಯ ರಿಮ್ಮನ್ನೇ ಉಳಿಸಿಕೊಂಡು ಸ್ಪೇಸರ್ (ಹಬ್ಬಿಗೂ ರಿಮ್ಮಿಗೂ ನಡುವೆ ಕೂರಿಸುವ ದಪ್ಪ ಬಿಲ್ಲೆ) ಹಾಕಿದರೂ ಫಲ ಇದೇ. ಗಾಲಿಯನ್ನು ಹೊರಗೆ ತಳ್ಳಿದ್ದು ರಿಮ್ಮೋ ಸ್ಪೇಸರೋ ಎಂಬುದು ಬೇರಿಂಗಿಗೆ ತಿಳಿಯುವುದಿಲ್ಲ. ಸ್ಪೇಸರಿನಲ್ಲಿ ಬಿಗಿ ಮಾಡಬೇಕಾದ ನಟ್ಟುಗಳು ಮಾತ್ರ ಎರಡು ಪಟ್ಟಾಗುತ್ತವೆ. ಮರುದಿನವೇ ಆ ಒಡನಾಡಿಯ ರಿಮ್ಮುಗಳನ್ನು ತೊಳೆದು ಹಿಂತಿರುಗಿಸಿದೆ.

ಇನ್ನೊಂದು ತುದಿಯ 5+2 ಮುಂದಿನ ಗಾಲಿಗೆ ಹೊಂದುವುದಿಲ್ಲ ಎಂಬುದು ಗೋಡೆಯ ಮೇಲಿನ ಲೆಕ್ಕದಿಂದಲೇ ತಿಳಿಯಿತು. ನನ್ನ 4+2ಕ್ಕಿಂತ ಅದರ ಒಳ ಅಂಚು ಒಂದು ಇಂಚು ಒಳಗೆ ಬರುತ್ತದೆ. ಹಳೆಯ ರಿಮ್ಮಿಗೂ, ಹ್ಯಾಂಡಲಿನ ತಿರುವನ್ನು ಗಾಲಿಗೆ ಮುಟ್ಟಿಸುವ ಟೈ ರಾಡಿನ ತುದಿಗೂ ಮಧ್ಯೆ ನಾನು ಅಳೆದ ಜಾಗ 17 ಮಿಲಿಮೀಟರ್. ಅಲ್ಲಿ 25 ಮಿಲಿಮೀಟರ್ ನುಗ್ಗಿಸಲು ಸಾಧ್ಯವೇ ಇಲ್ಲ. ಉಳಿದದ್ದು 4+3. ಇದರ ಗುಣ ನನಗೆ ತುಂಬ ಹಿಡಿಸಿತು: ಒಳಗಿನ ಅಳತೆ 4 ಇಂಚು ಹಾಗೆಯೇ ಉಳಿಯುತ್ತದೆ, ಹೆಚ್ಚಾದ ಒಂದು ಇಂಚು ಅಗಲ ಪೂರ್ತಿ ಹೊರಗೆ ಹೋಗುತ್ತದೆ, ನಡುಗೆರೆ ಅರ್ಧ ಇಂಚು ಮಾತ್ರ ಸರಿಯುತ್ತದೆ. ಹಿಂದಿನ ಗಾಲಿಗೂ ಇದೇ 4+3 ಹಾಕಿದರೆ ಅಲ್ಲಿ ನಡುಗೆರೆ ಮುಕ್ಕಾಲು ಇಂಚು ಹೊರಗೆ ಬರುತ್ತದೆ. ಹಿಂದಿನ ಗಾಲಿ ಮುಂದಿನ ಗಾಲಿಯ ಜಾಡಿನಲ್ಲೇ ಉರುಳಿದರೆ ಕೆಸರಿನಲ್ಲಿ ಹೊಸ ಜಾಡು ಕೊರೆಯುವ ಶ್ರಮ ಎಂಜಿನ್ನಿಗೆ ತಪ್ಪುತ್ತದೆ. ಮುಂದಿನ, ಹಿಂದಿನ ಗಾಲಿಗಳು ಸರಿದ ದೂರಗಳ ನಡುವಿನ ಕಾಲು ಇಂಚಿನ ವ್ಯತ್ಯಾಸ ಅದಕ್ಕೆ ಅಡ್ಡಿಯಾಗದು. ನಾಲ್ಕೂ ಮೂಲೆಗೆ ಒಂದೇ ರಿಮ್ ಎಂಬುದು ಇನ್ನೊಂದು ಅನುಕೂಲ.

ಉಳಿದ ಆಯ್ಕೆಗಳಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. 14 ಇಂಚಿನ ರಿಮ್ ಹಾಕಿದರೆ ಬ್ರೇಕಿನ ಸುತ್ತ ಜಾಗ ಹೆಚ್ಚುತ್ತದೆ, ಆದರೆ ಅದೇ 25 ಇಂಚು ಎತ್ತರದ ಟೈರಿನಲ್ಲಿ ಪಕ್ಕೆಯ ಎತ್ತರ ಆರೂವರೆ ಇಂಚಿನಿಂದ ಐದೂವರೆಗೆ ಇಳಿಯುತ್ತದೆ. ಕಲ್ಲಿಗೆ ಬಡಿದೇ ರಿಮ್ ಕಳೆದುಕೊಂಡವನಿಗೆ ಆ ಒಂದು ಇಂಚು ರಬ್ಬರು ಬಹಳ ಮುಖ್ಯ. ಬೀಡ್‌ಲಾಕ್ ರಿಮ್ಮುಗಳು ಅತಿ ಕಡಿಮೆ ಗಾಳಿಯಲ್ಲೂ ಟೈರನ್ನು ಕಳಚದಂತೆ ಹಿಡಿಯುತ್ತವೆ. ನಾನು 5 ಪಿಎಸ್‌ಐಗಿಂತ ಕೆಳಗೆ ಇಳಿಸುವುದಿಲ್ಲವಾದ್ದರಿಂದ ಆ ಹೆಚ್ಚುವರಿ ಬಳೆಯ ತೂಕವೂ ಅದರ ಬೋಲ್ಟುಗಳನ್ನು ಆಗಾಗ ಪರೀಕ್ಷಿಸುವ ಕೆಲಸವೂ ಬೇಡವೆನಿಸಿತು. ಅಲಾಯ್ ಎಂದರೆ ಬಹಳ ಹಗುರ ಎಂಬ ನಂಬಿಕೆ ಮಾತ್ರ ತಕ್ಕಡಿಯ ಮೇಲೆ ನಿಲ್ಲಲಿಲ್ಲ. ನನ್ನ ಹಳೆಯ 6 ಇಂಚಿನ ಉಕ್ಕಿನ ರಿಮ್ಮಿಗೂ 7 ಇಂಚಿನ ಅಲಾಯ್ ರಿಮ್ಮಿಗೂ ಅರ್ಧ ಕಿಲೋದಷ್ಟೂ ವ್ಯತ್ಯಾಸವಿರಲಿಲ್ಲ. ಉಕ್ಕು ಬಗ್ಗುತ್ತದೆ, ಎರಕದ ಅಲಾಯ್ ಜೋರಾದ ಪೆಟ್ಟಿಗೆ ಬಿರುಕು ಬಿಡುತ್ತದೆ ಎಂಬುದೂ ಗೊತ್ತಿತ್ತು. ಒಳ ಅಂಚು ದಪ್ಪವಾಗಿರುವ ಮಾದರಿಯನ್ನು, ಹಿಂಬದಿಯಲ್ಲಿ ಹೊರಬಲ್ಲ ಭಾರದ ಅಂಕಿ ಅಚ್ಚಾಗಿರುವುದನ್ನು ನೋಡಿಯೇ ಆರಿಸಿದೆ.

ಮೊದಲ ಸಲ ಬಂದ ರಿಮ್ಮುಗಳನ್ನು ಹಿಂದಕ್ಕೆ ಕಳಿಸಬೇಕಾಯಿತು. ನನ್ನ ಹಬ್ಬಿನಿಂದ ಹೊರಚಾಚಿದ, ನಟ್ ಕೂರುವ ನಾಲ್ಕು ಸ್ಟಡ್ಡುಗಳು 110 ಮಿಲಿಮೀಟರ್ ವ್ಯಾಸದ ವೃತ್ತದ ಮೇಲಿವೆ. ಇದನ್ನು 4/110 ಎಂದು ಬರೆಯುತ್ತಾರೆ. ಹೋಂಡಾ, ಯಮಹಾ, ಸುಜುಕಿಯ ಬಹಳಷ್ಟು ಎಟಿವಿಗಳಲ್ಲಿ ಇದೇ ಅಳತೆ. ಪೊಲಾರಿಸ್‌ನಲ್ಲಿ ಸಾಮಾನ್ಯವಾಗಿ 4/156, ಕ್ಯಾನ್-ಆಮ್‌ನಲ್ಲಿ 4/137, ಆರ್ಕ್ಟಿಕ್ ಕ್ಯಾಟ್‌ನಲ್ಲಿ 4/115. ಬಂದ ಪೆಟ್ಟಿಗೆಯ ಚೀಟಿಯ ಮೇಲೆ 4/110 ಎಂದೇ ಇತ್ತು. ಆದರೆ ಒಂದು ಸ್ಟಡ್ಡನ್ನು ತೂತಿಗೆ ಕೂರಿಸಿದರೆ ಎದುರಿನ ಸ್ಟಡ್ ತೂತಿನ ಅಂಚಿಗೆ ಬಂದು ನಿಲ್ಲುತ್ತಿತ್ತು. ನಾಲ್ಕು ತೂತಿನ ರಿಮ್ಮಿನಲ್ಲಿ ಅಳತೆ ಸುಲಭ: ಎದುರುಬದುರಾಗಿರುವ ಎರಡು ತೂತುಗಳ ನಡುವಿನಿಂದ ನಡುವಿಗೆ ಅಳೆದರೆ ಸಾಕು. ವರ್ನಿಯರ್ 115 ತೋರಿಸಿತು. ಐದು ಮಿಲಿಮೀಟರ್ ಕಣ್ಣಿಗೆ ಕಾಣುವ ವ್ಯತ್ಯಾಸವಲ್ಲ. ಆದರೂ ನಟ್ಟು ಬಿಗಿದು ಹೇಗಾದರೂ ಎಳೆದುಕೊಂಡು ಕೂರಿಸಿದರೆ ಸ್ಟಡ್ಡುಗಳು ಬಾಗಿದ ಸ್ಥಿತಿಯಲ್ಲೇ ಭಾರ ಹೊರುತ್ತವೆ, ಒಂದು ದಿನ ಮುರಿಯುತ್ತವೆ. ಮಾರಾಟಗಾರರು ಬದಲಿ ಕಳಿಸಲು ಮೂರು ವಾರ ತೆಗೆದುಕೊಂಡರು. ಪೆಟ್ಟಿಗೆ ಬಿಚ್ಚಿದ ತಕ್ಷಣ, ಟೈರು ಕೂರಿಸುವ ಮೊದಲೇ ಅಳೆದಿದ್ದರಿಂದ ರಿಮ್ಮುಗಳ ಮೇಲೆ ಗೀರು ಬಿದ್ದಿರಲಿಲ್ಲ, ವಾಪಸು ಪಡೆಯಲು ಅವರು ಆಕ್ಷೇಪಿಸಲಿಲ್ಲ.

ಎರಡನೆಯ ಸಲ ಬಂದ ರಿಮ್ಮಿನ ಬ್ಯಾಕ್‌ಸ್ಪೇಸಿಂಗ್ 114, ಒಟ್ಟು ಅಗಲ 202. ಕಳೆದಾಗ 13 ಮಿಲಿಮೀಟರ್, ಅರ್ಧ ಇಂಚು. 4+3 ಸರಿಯಾಗಿಯೇ ಇತ್ತು. ಆದರೂ ಬ್ರೇಕಿನ ಕ್ಯಾಲಿಪರ್ (ಬ್ರೇಕ್ ಪ್ಯಾಡುಗಳನ್ನು ಒತ್ತುವ ಭಾಗ) ರಿಮ್ಮಿಗೆ ತಾಗುವುದೇ ಇಲ್ಲವೇ ಎಂಬುದನ್ನು ಆಫ್‌ಸೆಟ್ ಹೇಳುವುದಿಲ್ಲ. ಎರಕದ ರಿಮ್ಮಿನ ಗೋಡೆ ಉಕ್ಕಿನದಕ್ಕಿಂತ ದಪ್ಪ, ಒಳಗಿನ ವ್ಯಾಸ ಅಷ್ಟರಮಟ್ಟಿಗೆ ಕಡಿಮೆ. ಇದಕ್ಕೆ ಗೆಳೆಯರು ಮಕ್ಕಳು ಆಟಕ್ಕೆ ಬಳಸುವ ಮೆತ್ತನೆಯ ಬಣ್ಣದ ಕ್ಲೇ ತರಿಸಿದರು. ಅದರ ನಾಲ್ಕು ಉಂಡೆ ಮಾಡಿ, ಕ್ಯಾಲಿಪರಿನ ಅತಿ ಎತ್ತರದ ಉಬ್ಬಿನ ಮೇಲೆ, ಅದರ ಬೋಲ್ಟಿನ ತಲೆಯ ಮೇಲೆ, ಬ್ರೇಕ್ ಪೈಪು ಸೇರುವಲ್ಲಿ, ಟೈ ರಾಡಿನ ತುದಿಯಲ್ಲಿ ಒತ್ತಿದೆವು. ಟೈರಿಲ್ಲದ ಬರಿಯ ರಿಮ್ಮನ್ನು ಹಾಕಿ, ನಾಲ್ಕೂ ನಟ್ ಬಿಗಿದು, ಕೈಯಿಂದ ನಿಧಾನವಾಗಿ ಒಂದು ಸುತ್ತು ತಿರುಗಿಸಿ ಮತ್ತೆ ಬಿಚ್ಚಿದೆವು. ಮೂರು ಉಂಡೆಗಳ ನೆತ್ತಿಯನ್ನು ರಿಮ್ ನಯವಾಗಿ ಸವರಿಕೊಂಡು ಹೋಗಿತ್ತು. ಬೋಲ್ಟಿನ ತಲೆಯ ಮೇಲಿನ ಉಂಡೆ ಮಾತ್ರ ತೆಳ್ಳಗಿನ ಹಾಳೆಯಂತಾಗಿತ್ತು. ಅದನ್ನು ಬ್ಲೇಡಿನಿಂದ ಎಬ್ಬಿಸಿ ವರ್ನಿಯರಿನಲ್ಲಿ ಹಿಡಿದಾಗ 3.5 ಮಿಲಿಮೀಟರ್ ಬಂತು. ಮೂರಕ್ಕಿಂತ ಕಡಿಮೆ ಇದ್ದರೆ ಬೇಡವೆಂದು ನಾವು ಮೊದಲೇ ಮಾತಾಡಿಕೊಂಡಿದ್ದೆವು. ಒಳಗಡೆ ಸಿಕ್ಕುವ ಸಣ್ಣ ಕಲ್ಲಿಗೂ ಬಿಸಿಯಿಂದಾಗುವ ಹಿಗ್ಗುವಿಕೆಗೂ ಅಷ್ಟಾದರೂ ಬೇಕು. ಆ ಕ್ಲೇ ಹಾಳೆಯ ಮೇಲೆ ಬೋಲ್ಟಿನ ತಲೆಯ ಆರು ಮೂಲೆಗಳೂ ಅಚ್ಚೊತ್ತಿದ್ದವು.

ಆಮೇಲೆ ಟೈರು ಕೂರಿಸಿ ಪೂರ್ತಿ ಚಲನೆಯ ಪರೀಕ್ಷೆ. ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಮುಂದಿನ ಶಾಕ್ ಅಬ್ಸಾರ್ಬರಿನ ಕೆಳಗಿನ ಬೋಲ್ಟು ತೆಗೆದು ಅದನ್ನು ಪಕ್ಕಕ್ಕೆ ಕಟ್ಟಿದೆವು. ಶಾಕಿನ ಹೊಳೆಯುವ ರಾಡು ಪೂರ್ತಿ ಒಳಗೆ ಹೋದರೆ ಗಾಲಿ ಎಲ್ಲಿಯವರೆಗೆ ಏರಬಲ್ಲದು ಎಂದು ಲೆಕ್ಕ ಹಾಕಿ, ಅಷ್ಟು ಎತ್ತರಕ್ಕೆ ಜಾಕಿನಿಂದ ಗಾಲಿಯನ್ನು ಏರಿಸಿ, ಹ್ಯಾಂಡಲನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿದೆವು. ಟೈರಿನ ಭುಜಕ್ಕೆ ಬಳಿದಿದ್ದ ಸೀಮೆಸುಣ್ಣ ಪ್ಲಾಸ್ಟಿಕ್ಕಿಗೆ ಅಂಟಲಿಲ್ಲ. 8 ಇಂಚಿನ ಟೈರು ಒಂದು ಇಂಚು ಹೆಚ್ಚು ಅಗಲದ ರಿಮ್ಮಿನ ಮೇಲೆ ಸ್ವಲ್ಪ ಉಬ್ಬಿಕೊಳ್ಳುತ್ತದೆ, ಸುಮಾರು ಹತ್ತು ಮಿಲಿಮೀಟರಿನಷ್ಟು. ಆದ್ದರಿಂದ ಈ ಪರೀಕ್ಷೆಯನ್ನು ಗಾಳಿ ತುಂಬಿದ ಟೈರಿನಿಂದಲೇ ಮಾಡಬೇಕು. ನೆಲದ ಮೇಲೆ ನಿಂತ ಗಾಡಿಯಲ್ಲಿ ಹ್ಯಾಂಡಲ್ ತಿರುಗಿಸಿ ನೋಡಿದ್ದರೆ ಆ ದಿನ ಗುಂಡಿಯಲ್ಲಿ ಕೇಳಿದ ಸದ್ದು ನನಗೆ ಎಂದೂ ಕೇಳಿಸುತ್ತಿರಲಿಲ್ಲ.

ಹಳೆಯ ನಟ್ಟುಗಳನ್ನು ಬಳಸಲಾಗಲಿಲ್ಲ. ಹೊಸ ರಿಮ್ಮಿನ ತೂತುಗಳಿಗೆ 60 ಡಿಗ್ರಿ ಇಳಿಜಾರಿನ ಶಂಕುವಿನಾಕಾರದ ಬಾಯಿಯಿದ್ದು, ನಟ್ಟಿನ ಶಂಕು ಅದರೊಳಗೆ ಸರಿಯಾಗಿ ಕೂತಾಗಲೇ ರಿಮ್ ಹಬ್ಬಿನ ನಡುವಿಗೆ ಬರುತ್ತದೆ. ಚಪ್ಪಟೆ ತಳದ ನಟ್ಟು ಹಾಕಿದರೆ ಅಂಚಿನಲ್ಲಿ ಮಾತ್ರ ಒತ್ತಿ ಅಲಾಯನ್ನು ಜಜ್ಜುತ್ತದೆ. ನನ್ನ ಸ್ಟಡ್ಡುಗಳ ತಿರುಪಿನ ಗೆರೆಗಳಿಗೆ ತಕ್ಕ ಎಂ10x1.25 ಅಳತೆಯ (10 ಮಿಲಿಮೀಟರ್ ವ್ಯಾಸ, ಗೆರೆಗಳ ನಡುವೆ 1.25 ಮಿಲಿಮೀಟರ್) ಶಂಕುವಿನ ನಟ್ಟುಗಳನ್ನು ತರಿಸಿದೆ. ಹಬ್ಬಿನ ಮುಖದ ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆದು, ನಟ್ಟುಗಳನ್ನು ಎದುರುಬದುರಾಗಿ ಮೂರು ಹಂತಗಳಲ್ಲಿ, ಕೈಪಿಡಿಯಲ್ಲಿ ಹೇಳಿದ ಬಿಗಿತಕ್ಕೆ ಟಾರ್ಕ್ ರೆಂಚಿನಿಂದ ತಂದೆವು. ಮೊದಲ ಸವಾರಿ ಮುಗಿಸಿ ಗಾಡಿ ತಣ್ಣಗಾದ ಮೇಲೆ ಅದೇ ರೆಂಚ್ ಹಿಡಿದಾಗ ಹದಿನಾರರಲ್ಲಿ ಮೂರು ನಟ್ಟುಗಳು ಇನ್ನೂ ಸ್ವಲ್ಪ ತಿರುಗಿದವು. ಹೊಸ ಬಣ್ಣದ ಪದರ ಒತ್ತಡಕ್ಕೆ ಕೂರುವುದರಿಂದ ಹೀಗಾಗುತ್ತದೆ. ಎರಡನೆಯ ಸವಾರಿಯ ನಂತರ ಯಾವುದೂ ಅಲುಗಲಿಲ್ಲ.

ಕಲ್ಲಿನ ದಾರಿಯಲ್ಲಿ ಹ್ಯಾಂಡಲ್ ಹಳೆಯ ರಿಮ್ಮಿದ್ದಾಗಿನದಕ್ಕಿಂತ ತುಸು ಗಡುಸಾಗಿದೆ, ಆದರೆ ಕೈ ಬಿಟ್ಟು ಓಡುವುದಿಲ್ಲ. ಅಡ್ಡ ಇಳಿಜಾರಿನಲ್ಲಿ 2+5 ಕೊಟ್ಟಷ್ಟು ಧೈರ್ಯವನ್ನು 4+3 ಕೊಡುವುದಿಲ್ಲ ಎಂಬುದನ್ನೂ ಹೇಳಲೇಬೇಕು; ಅಲ್ಲಿ ನಾನು ಮೊದಲಿನಂತೆಯೇ ಮೈಯನ್ನು ಮೇಲ್ಬದಿಗೆ ವಾಲಿಸಿ ಹೋಗುತ್ತೇನೆ. ಆ ಎರಡು ಮರಗಳ ನಡುವೆ ಗಾಡಿ ಈಗ ತಾಗದೆ ದಾಟುತ್ತದೆ. ಮೂರು ತಿಂಗಳ ನಂತರ ಗಾಡಿಯನ್ನು ಎತ್ತಿ, ಪ್ರತಿ ಗಾಲಿಯನ್ನೂ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ನೋಡಿದೆ. ಬೇರಿಂಗಿನಲ್ಲಿ ಸಡಿಲವಿರಲಿಲ್ಲ, ಬಾಲ್ ಜಾಯಿಂಟಿನಲ್ಲೂ ಇರಲಿಲ್ಲ. ಕ್ಯಾಲಿಪರಿನ ಬೋಲ್ಟಿನ ತಲೆಯ ಮೇಲೆ ಒಣಗಿದ ಕೆಸರಿನ ಪದರವಿತ್ತು, ಅದರ ಮೇಲೆ ಒಂದೇ ಒಂದು ಗೀರೂ ಇರಲಿಲ್ಲ.